ಊಟಕ್ಕೆ ಕರೆಯುವ ಶಿಳ್ಳೆ

ಒನೀಟಾಳಿಗೆ ಲಕ್ವ ಹೊಡೆದು ಬಾಯಿ ಎಡಕ್ಕೆ ವಾಲಿದ ಮೇಲೆ ಆ ಮನೆಯಲ್ಲಿ ಶಿಳ್ಳೆ ನಿಂತುಹೋಗಿತ್ತು. ಮದುವೆಯಾದಾಗಿನಿಂದ ಗಂಡನನ್ನು ಊಟಕ್ಕೆ ಕರೆಯಲು ಅವಳು ಒಮ್ಮೆಯೂ ಕೂಗಿದವಳಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಗಿಡ್ಡ, ಒಂದು ಉದ್ದ ಶಿಳ್ಳೆ ಹಾಕುವಳು. ಗುಡ್ಡದಾಚೆ ತಂಬಾಕಿನ ಹೊಲದಲ್ಲಿದ್ದರೂ ಆರ್ವಿಲ್ ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಬರುತ್ತಿದ್ದ. ಕೆಂಟಕಿಯ ಆ ಕಣಿವೆಯಲ್ಲಿ ಅಕ್ಕಪಕ್ಕದವರೂ ಅದನ್ನು ಕೇಳಿಯೇ ತಟ್ಟೆ ಹಾಕುತ್ತಿದ್ದರು. ಈಗ ಅಡುಗೆಯೂ ಆರ್ವಿಲ್‌ನದೇ. ಕರೆಯುವವರಿಲ್ಲದೆ ಎಷ್ಟೋ ದಿನ ಮುದುಕನಿಗೆ ಊಟದ ನೆನಪೇ ಆಗುತ್ತಿರಲಿಲ್ಲ.

ಊದಿ ಊದಿ ತುಟಿ ಸ್ವಾಧೀನಕ್ಕೆ ಬರಲಿ ಎಂದು ಆಸ್ಪತ್ರೆಯ ಹುಡುಗಿ ಒಂದು ಕಟ್ಟು ಸ್ಟ್ರಾ ಕೊಟ್ಟು ಕಳಿಸಿದ್ದಳು. ಒನೀಟಾ ಅದನ್ನು ಮುಟ್ಟಿಯೂ ನೋಡಲಿಲ್ಲ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತವಳು ಚಳಿಗಾಲವಿಡೀ ಬಾಯಿಬಿಟ್ಟು ಕೇಳಿದ್ದು ಒಂದೇ: "ನೀಲಿ... ಹಕ್ಕಿ."

ಇವಳು ಬದುಕುವ ಆಸೆಯನ್ನೇ ಬಿಟ್ಟಿದ್ದಾಳೆ ಎಂದು ಆರ್ವಿಲ್‌ಗೆ ಒಳಗೊಳಗೇ ದಿಗಿಲು. ಕೇಳಿದ್ದೊಂದನ್ನಾದರೂ ತಂದುಕೊಡಬೇಕಲ್ಲ! ಹಳೆಯ ಹಲಗೆ ಕೊಯ್ದು, ದುಂಡಗೆ ತೂತು ಕೊರೆದು, ಗೂಡುಪೆಟ್ಟಿಗೆ ಮಾಡಿ, ಅವಳ ಕಣ್ಣಳತೆಯಲ್ಲೇ ಇರಲೆಂದು ಕಿಟಕಿಗೆ ಒತ್ತಿಕೊಂಡಿದ್ದ ಗುಲಾಬಿ ಪೊದೆಯ ನಡುವೆ ಕಂಬ ನೆಟ್ಟು ಕೂರಿಸಿದ. ಬಂದದ್ದು ಗುಬ್ಬಿಗಳ ದಂಡು. ಆ ಊರಲ್ಲಿ ಗುಬ್ಬಿಗೆ ಅಯ್ಯೋ ಪಾಪ ಅನ್ನುವವರಿಲ್ಲ. ಕಂಡವರ ಗೂಡಿಗೆ ನುಗ್ಗಿ ಮರಿಗಳನ್ನು ಕುಕ್ಕಿ ಸಾಯಿಸುವ ಜಾತಿ ಅದು.

ಸ್ಮಶಾನದ ಬೇಲಿಯುದ್ದಕ್ಕೂ ನೀಲಿಹಕ್ಕಿಗಳಿಗೆ ಪೆಟ್ಟಿಗೆ ಕಟ್ಟಿಸಿ ನೋಡಿಕೊಳ್ಳುವ ಪಕ್ಕದ ಮನೆಯ ಗ್ಲೆನಿಸ್, ಜೋಳದ ರೊಟ್ಟಿ ಹಿಡಿದುಕೊಂಡು ಬಂದವಳು ಇದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಯ್ಯಾ ಆರ್ವಿಲ್, ಗೂಡು ಮಾಡಿದ್ದು ಹಕ್ಕಿಗೋ, ಹೆಂಡ್ತಿಗೋ?"

"ಹೆಂಡ್ತಿಗೇ."

"ಹಂಗಾದ್ರೆ ಅವಳನ್ನೇ ಒಳಗೆ ಕೂರ್ಸು! ನೀಲಿಹಕ್ಕಿಗೆ ಗೋಡೆ ಪಕ್ಕ, ಪೊದೆ ಒಳಗೆ ಆಗ್ಬರಲ್ಲ. ಬಟಾಬಯಲು ಬೇಕು. ಕೊಟ್ಟಿಗೆ ಆಚೆ ಹುಲ್ಲುಗಾವಲಿಗೆ ಹಾಕು."

"ಅಲ್ಲಿ ಹಾಕಿದ್ರೆ ಇವಳಿಗೆ ಹೆಂಗೆ ಕಾಣುತ್ತೆ?"

"ಮೊದ್ಲು ಬರ್ಲಿ ಕಣಯ್ಯ. ಆಮೇಲೆ ತಟ್ಟೇಲಿ ಹಿಟ್ಟಿನ ಹುಳ ಹಾಕಿ, ದಿನಾ ಚೂರ್‌ಚೂರೇ ಕಿಟಕಿ ಕಡೆ ತಾ. ತಟ್ಟೆ ಇಡೋವಾಗೆಲ್ಲ ಒಂದು ಶಿಳ್ಳೆ ಹಾಕು. ಊಟ ಬಂತು ಅಂತ ಅವಕ್ಕೆ ಗೊತ್ತಾಗುತ್ತೆ."

ಹೇಳಿಬಿಟ್ಟ ಮೇಲೆ ಗ್ಲೆನಿಸ್ ನಾಲಿಗೆ ಕಚ್ಚಿಕೊಂಡಳು. ಕುರ್ಚಿಯಲ್ಲಿದ್ದ ಒನೀಟಾ ಮುಖ ತಿರುಗಿಸಿದಳು.

ಪೆಟ್ಟಿಗೆ ಬಯಲಿಗೆ ಹೋಯಿತು. ವಸಂತ ಕಾಲಿಡುತ್ತಲೇ ನೀಲಿಹಕ್ಕಿಗಳ ಜೋಡಿಯೊಂದು ಬಂದು ಹುಲ್ಲು ಹೊರತೊಡಗಿತು. ಆರ್ವಿಲ್ ಅಂಗಳದಲ್ಲಿ ನಿಂತು ಶಿಳ್ಳೆ ಕಲಿಯಲು ಹೊರಟ. ಇದ್ದದ್ದು ಹಲ್ಲುಸೆಟ್ಟಿನ ಬಾಯಿ. ಬರೀ ಗಾಳಿ, ಜೊತೆಗೆ ಉಗುಳು. ಪಟ್ಟು ಬಿಡದೆ ಇನ್ನೊಮ್ಮೆ ಜೋರಾಗಿ ಊದಿದ್ದೇ ತಡ, ಮೇಲಿನ ಸೆಟ್ಟು ಹಾರಿ ಸೀದಾ ಹುಳುಗಳ ತಟ್ಟೆಗೆ ಬಿತ್ತು.

ಕಿಟಕಿಯೊಳಗಿಂದ ಏನೋ ಸದ್ದು. ಒನೀಟಾ ನಗುತ್ತಿದ್ದಳು. ಸೊಟ್ಟ ಬಾಯಿಯ ಸೊಟ್ಟ ನಗು, ಕಣ್ಣಲ್ಲಿ ನೀರು. ಲಕ್ವ ಹೊಡೆದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

"ಮು... ಮುದುಕಾ," ಎಂದಳು. "ಕೊಡು."

"ಏನು, ಹಲ್ಲಾ?"

ಅವಳು ಬಲಗೈಯಿಂದ ಸ್ಟ್ರಾ ಕಟ್ಟನ್ನು ತೋರಿಸಿದಳು.

ಅಲ್ಲಿಂದ ಅದೇ ಕೆಲಸ. ಆರ್ವಿಲ್ ತಟ್ಟೆಯನ್ನು ಬಯಲಿನಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಅಂಗಳದ ಬೇಲಿಗೆ ತಂದ. ಹಕ್ಕಿಗಳು ಹಿಂದೆಯೇ ಬಂದವು. ಬೇಲಿ ದಾಟಲು ಮಾತ್ರ ಒಲ್ಲೆವೆಂದವು. ಅವನು ಅಲ್ಲಿ ತಟ್ಟೆ ಇಟ್ಟಾಗಲೆಲ್ಲ ಇವಳು ಕಿಟಕಿ ತೆರೆದುಕೊಂಡು ಊದುವಳು. ಫೂ, ಫೂ. ಜೊಲ್ಲು ಸುರಿಯುವುದು, ಒರೆಸಿಕೊಂಡು ಮತ್ತೆ ಊದುವಳು. ಸಿಟ್ಟು ಬಂದು ಸ್ಟ್ರಾ ಎಸೆದರೆ ಆರ್ವಿಲ್ ಎತ್ತಿಕೊಡುವನು.

ಒಂದು ಬೆಳಗ್ಗೆ ಅವನು ಧೈರ್ಯ ಮಾಡಿ ತಟ್ಟೆಯನ್ನು ಕಿಟಕಿಯ ಅಂಚಿಗೇ ಇಟ್ಟ. ಹಕ್ಕಿಗಳು ಬೇಲಿಯಿಂದ ಕದಲಲಿಲ್ಲ. ಇದೂ ಮುಗಿಯಿತು ಎಂದುಕೊಂಡು ಕೊಟ್ಟಿಗೆಗೆ ಹೋಗಿ ಟ್ರ್ಯಾಕ್ಟರಿನ ಕೆಳಗೆ ಕೂತು ಗ್ರೀಸ್ ಹಚ್ಚುತ್ತಿದ್ದ.

ಶಿಳ್ಳೆ ಕೇಳಿಸಿತು. ಒಂದು ಗಿಡ್ಡ, ಒಂದು ಉದ್ದ. ಸಣ್ಣದು, ಅಂಚು ಹರಿದದ್ದು, ಆದರೂ ಅದೇ.

ಕೈಲಿದ್ದದ್ದು ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ. ಕಾಲು ತಾನಾಗಿ ಮನೆ ಕಡೆ ಹೊರಟಿತ್ತು. ಅಂಗಳಕ್ಕೆ ಬಂದವನು ನಿಂತುಬಿಟ್ಟ. ತಟ್ಟೆಯ ಅಂಚಿನಲ್ಲಿ ಗಂಡುಹಕ್ಕಿ, ಬೆನ್ನೆಲ್ಲ ನೀಲಿ, ಎದೆ ಕೆಂಪು, ಕೊಕ್ಕಿನಲ್ಲಿ ಹುಳು. ಒನೀಟಾಳ ಕೈಗೂ ಅದಕ್ಕೂ ಗೇಣು ದೂರ. ಅವಳು ಮಾತ್ರ ಹಕ್ಕಿಯನ್ನು ಬಿಟ್ಟು ಕೊಟ್ಟಿಗೆಯ ಬಾಗಿಲನ್ನೇ ನೋಡುತ್ತಿದ್ದಳು.

ಹಕ್ಕಿ ಹಾರಿಹೋದ ಮೇಲೆ ಅವನು ಕಿಟಕಿಯ ಹತ್ತಿರ ಬಂದ. "ಕರ್ದಿದ್ದು ಅದನ್ನಾ, ನನ್ನಾ?"

ಒನೀಟಾ ಅವನ ಗ್ರೀಸು ಮೆತ್ತಿದ ಅಂಗೈಗಳನ್ನು ನೋಡಿದಳು.

"ಕೈ... ತೊಳ್ಕೊ," ಎಂದಳು.

ಒಲೆಯ ಮೇಲೆ ಏನೂ ಇರಲಿಲ್ಲ, ಬೀನ್ಸ್ ಇನ್ನೂ ನೆನೆಯುತ್ತಿತ್ತು. ಆರ್ವಿಲ್ ಒಳಗೆ ಬಂದು ಅಳುತ್ತಲೇ ಕೈ ತೊಳೆದುಕೊಂಡ.