ಒಬ್ಬರಿಗೆ ಸ್ವಸ್ತ, ಇಬ್ಬರಿಗೆ ತುಟ್ಟಿ

ಚಿಮ್ಮಡದ ಶಶಿಕಾಂತಂದು ಬನಹಟ್ಟಿಯೊಳಗ ಬೀಜ, ಗೊಬ್ಬರದ ಅಂಗಡಿ. ಒಂದ ವರ್ಷ ಛಲೋ ಮಾಲು ಮಾರಿದ ಡೀಲರ್‌ಗಳನ್ನ ಕಂಪನಿಯವರು ಬ್ಯಾಂಕಾಕಿಗೆ ಕರಕೊಂಡು ಹೋಗಿದ್ರು, ಅವರೊಳಗ ಇಂವನೂ ಒಬ್ಬ. ಹೋಗಿ ಬಂದ ಮ್ಯಾಲ ಹೆಂಡತಿ ಶೈಲಾ ಅಲ್ಲಿ ಏನೇನ ನೋಡಿದ್ರಿ ಅಂತ ಕೇಳಿದ್ರ ಅವ ಹೇಳಿದ್ದು ಒಂದ ಸುದ್ದಿ. ವಿಮಾನದಾಗ ಮುಂದ ಒಂದ ಪಡದೆ ಇರತೈತಿ, ಅದರ ಆಚೆ ಬಿಜಿನೆಸ್ ಕ್ಲಾಸ್, ಮುಧೋಳದ ಡೀಲರ್ ಒಬ್ಬ ಕೈಲೆ ರೊಕ್ಕ ಹಾಕಿ ಅಲ್ಲಿ ಕುಂತಿದ್ದ. ಅಂವ ಕಾಲು ಚಾಚಿ ಮಲಗಿದ್ದನ್ನ ಶಶಿಕಾಂತ ಪಾಯಖಾನಿ ನೆವ ಮಾಡಿ ಎರಡ ಸಲ ಎದ್ದ ಹೋಗಿ ನೋಡಿ ಬಂದಿದ್ದ. ಆ ಹೊಟ್ಟಿಉರಿಗೆ ಔಷಧ ಅವನ ಅಂಗಡ್ಯಾಗೂ ಇದ್ದಿದ್ದಿಲ್ಲ.

"ಮುಂದಿನ ಸಲ ನಿನ್ನ ಕರಕೊಂಡು ಹೋಗ್ತೇನಿ. ಇಬ್ಬರೂ ಮುಂದ ಕುಂತ ಹೋಗೂಣು," ಅಂದ.

ಅವಗ ಮುಂದ ಅನ್ನೂದು ಮುಖ್ಯ ಆಗಿತ್ತು. ಶೈಲಾಗ ಇಬ್ಬರೂ ಅನ್ನೂದು.

ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕಾಗತೈತಿ. ಮದಿವ್ಯಾಗಿ ಇಪ್ಪತ್ತ ವರ್ಷ, ಹನ್ನೆರಡ ಮಂದಿ ಉಣ್ಣೂ ಮನಿ. ತಲಿ ಮ್ಯಾಲ ಅಕ್ಕಿಕಾಳು ಬಿದ್ದ ಮದಿವಿ ದಿನ ಇಬ್ಬರನ್ನೂ ಜೋಡೀಲೆ ಕುಂಡ್ರಿಸಿದ್ದರಲ್ಲ, ಅದ ಮೊದಲು, ಅದ ಕಡೀದು. ಬಸ್ಸಿನಾಗ ಹೋದ್ರ ಅಂವ ಆಕಿನ್ನ ಹೆಣಮಕ್ಕಳ ಸೀಟಿಗೆ ಕುಂಡ್ರಿಸಿ ತಾ ಹಿಂದ ಹೋಗಾಂವ. ಕಾರು ತಗೊಂಡ ಮ್ಯಾಲ ಮಗನ ಬಾಜೂಕ ಮಾವ ಗಿರಮಲ್ಲಪ್ಪ, ಹಿಂದ ಅತ್ತಿ ಪದ್ಮವ್ವ ಮತ್ತ ಶೈಲಾ, ನಡಕ ಬುತ್ತಿ ಗಂಟು. ಬೈಕಿನ ಮ್ಯಾಲ ಕುಂತ್ರ ಕಾಣೂದು ಬರೇ ಗಂಡನ ಬೆನ್ನು, ಆಡಿದ ಮಾತು ಗಾಳಿಗೆ. ರಾತ್ರಿ ಅಂವ ದಣದು ಬರಾಂವ, ತಲಿ ದಿಂಬಿಗೆ ಹತ್ತಿತಂದ್ರ ಗೊರಕಿ. ಜಗಳ ಇಲ್ಲ, ಕುಡಿಯೂ ಚಟ ಇಲ್ಲ, ಕೈ ಎತ್ತಾಂವ ಅಲ್ಲ. ಮಂದಿ ಕಣ್ಣಿಗೆ ಛಲೋ ಸಂಸಾರ. ಗಂಡನ ಮಗ್ಗಲಿಗೆ ಕುಂತು ನಾಕ ತಾಸು ಮಾತಾಡಬೇಕು ಅನಸತೈತಿ ಅಂತ ಆಕಿ ಯಾರ ಮುಂದ ಹೇಳಬೇಕು? ಕೇಳಿದವರು ನಕ್ಕಾರು. ಆದ್ರ ಆ ಆಸೆ ಆಕಿಗೆ ಖರೇನ ಇತ್ತು, ಹಸಿವಿನಂಗ ಇತ್ತು.

ಶಶಿಕಾಂತ ಟಿಕೇಟ ಹುಡುಕಾಕ ಕುಂತ. ತೊಡಕು ಏನಂದ್ರ, ಅವಗ ಬಿಡುವು ಇದ್ದದ್ದು ಮೇ ತಿಂಗಳಾಗ ಅಷ್ಟ. ಜೂನಿನಾಗ ಮಿರಗದ ಮಳಿ ಹತ್ತಿತಂದ್ರ ಗೊಬ್ಬರದ ಅಂಗಡಿ ಬಿಟ್ಟು ಅಲುಗಾಡಾಕ ಬರಂಗಿಲ್ಲ. ಆ ಮೇ ತಿಂಗಳಾಗನ ಇಡೀ ದೇಶದ ಸಾಲಿಗೆ ಸೂಟಿ, ರೊಕ್ಕ ಇದ್ದವರೆಲ್ಲಾ ಅವಾಗನ ಹಾರಾವ್ರು. ದೊಡ್ಡ ಪಡದೆಯ ಫೋನು ಆಗಿನ್ನೂ ಹೊಸದು. ಸಂಜಿಮುಂದ ಅದನ್ನ ಹಿಡಕೊಂಡು ಕುಂತ್ರ ಚಾ ಆರಿದ್ದೂ ಅವಗ ಖಬರ ಇರತಿದ್ದಿಲ್ಲ. ಸಿಂಗಾಪುರಕ್ಕ ಮುಂಬೈಯಿಂದ ನೋಡಿದ, ಬೆಂಗಳೂರಿಂದ ನೋಡಿದ. "ಇಷ್ಟ ರೊಕ್ಕದಾಗ ಟ್ರ್ಯಾಕ್ಟರಿನ ಒಂದ ಟ್ರೇಲರ್ ಬರತೈತಿ," ಅಂದ ತನಗ ತಾನ. ಮುಂಜಾನೆ ಇದ್ದ ರೇಟು ಸಂಜಿಗೆ ಇರತಿದ್ದಿಲ್ಲ. "ಬೆಲ್ಲದ ಹರಾಜಿನಾಗೂ ಇಷ್ಟ ಏರಿಳಿತ ಇಲ್ಲ," ಅಂತ ಬೈದ.

"ಹಿಂದಿನ ಸೀಟ ಆದ್ರೂ ನಡೀತೈತಲ್ರೀ," ಅಂದ್ಲು ಶೈಲಾ ಮೆಲ್ಲಕ.

"ಹಿಂದ ಕುಂತ ಹೋಗಾಕ ನನಗ ಬರಂಗಿಲ್ಲೇನು? ಒಮ್ಮೆ ಮುಂದ ಕುಂತ ತೋರಸಬೇಕು."

ಯಾರಿಗೆ ತೋರಸೂದು ಅಂತ ಆಕಿಗೆ ಗೊತ್ತಿತ್ತು. ಮುಧೋಳ ಅಲ್ಲಿಂದ ಏನ ದೂರಿಲ್ಲ.

ಕಡೀಗೆ ಇಬ್ಬರೂ ಬೈಕ್ ಹತ್ತಿ ಜಮಖಂಡಿಗೆ ಹೋದ್ರು, ರಘುವೀರನ ಟ್ರಾವೆಲ್ಸಿಗೆ. ಈ ರಘುವೀರ ಮನ್ಯಾಗ ಮರಾಠಿ, ಗಿರಾಕಿ ಜೋಡಿ ಕನ್ನಡ, ಕಂಪ್ಯೂಟರ್ ಜೋಡಿ ಇಂಗ್ಲಿಷ್ ಮಾತಾಡೂ ಮನಷ್ಯಾ. ಮೊದಲ ಪುಣೆ ಬಸ್ಸಿನ ಸೀಟು ಮಾರತಿದ್ದ, ಈಗ ವಿಮಾನದ್ದೂ ಮಾಡಿಕೊಡತಿದ್ದ.

"ಶಶಿಕಾಂತರ, ನಮ್ಮದೊಂದು ಭಾಗ್ಯ ಅದರಿ," ಅಂದ. "ಜಮಖಂಡಿಗೆ ಯಾವ ಏರ್‌ಪೋರ್ಟೂ ಹತ್ರ ಇಲ್ಲ. ಮುಂಬೈ, ಬೆಂಗಳೂರು, ಹೈದರಾಬಾದ, ಎಲ್ಲಾ ಒಂದೊಂದ ರಾತ್ರಿ ಬಸ್ಸಿನ ದೂರ. ಎಲ್ಲಿ ಸ್ವಸ್ತ ಅದನೋ ಅಲ್ಲಿಂದ ಹಾರ್ರಿ. ಬೆಂಗಳೂರಿನವರಿಗೆ ಈ ಸವಲತ್ತು ಇಲ್ಲ."

ಶನಿವಾರ, ರವಿವಾರ ಬಿಟ್ಟು ಬುಧವಾರ ನೋಡಿದ, ಹೈದರಾಬಾದದಿಂದ ನೋಡಿದ. ಸಿಕ್ಕಿತು. ಶಶಿಕಾಂತನ ಮುಖ ಅರಳಿತು. ಆದ್ರ ಎರಡು ಸೀಟು ಅಂತ ಒತ್ತಿದ ಕೂಡಲೇ ರೇಟು ಜಿಗಿದು ಮ್ಯಾಲ ಹೋತು. ಒಂದು ಅಂತ ಒತ್ತಿದ್ರ ಮತ್ತ ಇಳೀತು.

"ಇದೇನ್ರೀ ಇದು? ಎರಡ ತಗೊಂಡವರಿಗೆ ಕಮ್ಮಿ ಮಾಡಬೇಕಲ್ಲ. ಹತ್ತ ಚೀಲ ಒಯ್ದವರಿಗೆ ನಾ ಬಿಟ್ಟ ಕೊಡಂಗಿಲ್ಲೇನು?"

"ಸ್ವಸ್ತದ ಸೀಟು ಒಂದ ಉಳದದರಿ. ನೀವು ಎರಡ ಕೇಳಿದ್ರ ಎರಡಕ್ಕೂ ತುಟ್ಟಿ ರೇಟ ಹಚ್ಚತಾರ. ಇವರ ಲೆಕ್ಕ ಅಷ್ಟ, ಒಬ್ಬರಿಗೆ ಸ್ವಸ್ತ, ಇಬ್ಬರಿಗೆ ತುಟ್ಟಿ. ಹಿಂಗ ಮಾಡ್ರಿ, ಒಬ್ಬರು ಮುಂದ, ಒಬ್ಬರು ಹಿಂದ. ವಿಮಾನ ಅಂತೂ ಒಂದ ಅಲ್ಲ?"

ಶೈಲಾ ಬೆಂಚಿನ ಮ್ಯಾಲ ಕುಂತು ಎಲ್ಲಾ ಕೇಳಾಕತ್ತಿದ್ಲು. ಬ್ಯಾಡ ಅನ್ನಾಕ ಬಾಯಿ ತಗದ್ಲು. ಪರಊರಿನ ಅಂಗಡಿ, ಎದುರಿಗೆ ಬ್ಯಾರೆ ಗಂಡಸು, ಅಲ್ಲಿ ಗಂಡನ ಮಾತಿಗೆ ಅಡ್ಡ ಹೋಗೂದು ಹ್ಯಾಂಗ? ತಗದ ಬಾಯಿ ಮುಚ್ಚಿದ್ಲು.

ಶಶಿಕಾಂತ ಒಂದ ಸೀಟಿನ ರೇಟನ್ನ ಇನ್ನೊಮ್ಮೆ ನೋಡಿದ. ಆಮ್ಯಾಲ ಹೆಂಡತಿ ಕಡೆ ತಿರುಗಿ, "ಮುಂದಿಂದು ನಿನಗ. ನಾ ಹಿಂದ ಕೂಡ್ತೇನಿ," ಅಂದ.

ಸಣ್ಣ ಮಾತಲ್ಲ ಅದು. ಆ ಸೀಟಿನ ಸಲುವಾಗಿ ಇಷ್ಟ ದಿನ ಜೊಲ್ಲು ಸುರಿಸಿದ ಮನಷ್ಯಾ ಅದನ್ನ ಎತ್ತಿ ಹೆಂಡತಿ ಕೈಯಾಗ ಇಟ್ಟಿದ್ದ. "ವೈನಿ, ನಶೀಬ ಛಲೋ ಅದ ನಿಮ್ಮದು," ಅಂದ ರಘುವೀರ. ಶೈಲಾ ಹೂಂ ಅಂದ್ಲು. ಇಷ್ಟ ಪ್ರೀತೀಲೆ ಕೊಟ್ಟದ್ದನ್ನ ಬ್ಯಾಡ ಅಂದ್ರ ಅವಗ ನೋವು, ತಗೊಂಡ್ರ ಇಕಿಗೆ ನೋವು. ಆಕಿ ತಗೊಂಡ್ಲು.

ಮನ್ಯಾಗ ಸುದ್ದಿ ಕೇಳಿದ ಪದ್ಮವ್ವ, "ಹೆಣಮಗಳು ಮುಂದ, ಗಂಡಸು ಹಿಂದ. ಎಂಥಾ ಕಾಲ ಬಂತ ಬೇ," ಅಂತ ಎಲಿ ಅಡಿಕಿ ಬಾಯಿಗೆ ಹಾಕ್ಕೊಂಡ್ಲು.

ಹೈದರಾಬಾದ ಬಸ್ಸಿನಾಗ ಮಲಗೂ ಸೀಟು, ಅಂವ ಮ್ಯಾಲ, ಆಕಿ ಕೆಳಗ. ಏರ್‌ಪೋರ್ಟಿನಾಗ ಅಂವ ಒಂದ ಕಡೆ ಕೂಡಲಿಲ್ಲ, ಬೋರ್ಡ್ ಓದಕೋತ ತಿರಗಾಕತ್ತಿದ್ದ. ವಿಮಾನದ ಬಾಗಲಿನಾಗ ಆಕಿನ್ನ ಆಕಿ ಸೀಟಿಗೆ ಮುಟ್ಟಿಸಿ, "ಆರಾಮ ಮಲಗು. ಏನ ಕೊಟ್ಟರೂ ಬ್ಯಾಡ ಅನಬ್ಯಾಡ, ರೊಕ್ಕಾ ಕೊಟ್ಟೇವಿ," ಅಂತ ಹೇಳಿ ಹಿಂದ ಹೋದ.

ಶೈಲಾಗ ಅಲ್ಲಿ ಯಾವ ಕಡಿಮಿನೂ ಆಗಲಿಲ್ಲ. ಬಿಸಿ ಮಾಡಿದ ಹಸಿ ವಸ್ತ್ರ ಕೊಟ್ರು. ಮುಖ ಒರಸಿಕೋಬೇಕೋ ಕೈ ಒರಸಿಕೋಬೇಕೋ ತಿಳೀದ ಎರಡೂ ಒರಸಿಕೊಂಡ್ಲು. ಹಣ್ಣಿನ ರಸ ಬಂತು, ಕುಡದ್ಲು. ಕಾಲು ಪೂರಾ ಚಾಚಿದ್ರೂ ಮುಂದಿನ ಸೀಟು ಹತ್ತಲಿಲ್ಲ. ಮಗ್ಗಲ ಸೀಟಿನಾಗ ಟೈ ಕಟ್ಟಿದಾಂವ ಒಬ್ಬ ಕಣ್ಣಿಗೆ ಕರಿ ಪಟ್ಟಿ ಹಾಕ್ಕೊಂಡು ಮಲಗಿದ್ದ. ಅವನ ಸೀಟಿಗೂ ಆಕಿ ಸೀಟಿಗೂ ನಡಕ ಒಂದ ಟ್ರಂಕಿನಷ್ಟ ಅಗಲದ ಕಟ್ಟಿ. ಆಕಿ ಮೊಣಕೈ ಚಾಚಿ ನೋಡಿದ್ಲು, ಆ ದಂಡಿ ಸಿಗಲಿಲ್ಲ. ಅಲ್ಲಿ ಗಂಡನ ಕುಂತಿದ್ರೂ ಅಂವ ಅತ್ತ, ತಾ ಇತ್ತ, ಮಾತಾಡಬೇಕಂದ್ರ ಒದರಬೇಕು. ಮುಂದ ಎರಡೂ ಸೀಟು ಸಿಕ್ಕಿದ್ರೂ ಹಿಂಗ ಆಗತಿತ್ತು. ವಿಮಾನ ಮ್ಯಾಲೇರಿತು, ಹಣ್ಣಿನ ರಸ ಕೊಟ್ಟ ಹುಡುಗಿ ಬಂದು ಹಿಂದಿನ ಪಡದೆ ಎಳದ್ಲು.

ಆಗ ಶೈಲಾಗ ಸಿಟ್ಟು ಬಂತು. ಯಾರ ಮ್ಯಾಲ ಅಂತ ಆಕಿಗೂ ಗೊತ್ತಿದ್ದಿಲ್ಲ. ಪಟ್ಟಾ ಬಿಚ್ಚಿದ್ಲು, ಸೆರಗು ಸೊಂಟಕ್ಕ ಸಿಗಸಿದ್ಲು, ಪಡದೆ ಸರಿಸಿ ಹಿಂದ ನಡದ್ಲು.

ಶಶಿಕಾಂತ ಕಿಡಕಿ ಬಾಜೂಕ ಕುಂತಿದ್ದ. ಅವನ ಮಗ್ಗಲಿಗೆ ದಪ್ಪನ್ನ ಅಜ್ಜ ಒಬ್ಬ ಮೊಣಕಾಲು ಒತ್ತಿಕೋತ ಒದ್ದಾಡಾಕತ್ತಿದ್ದ. ಶೈಲಾ ತನಗ ಬರೂ ಹಿಂದಿಯೊಳಗ ಹೇಳಿದ್ಲು, "ಚಾಚಾ, ಆಗೇ ಮೇರಾ ಸೀಟ್ ಹೈ. ಬಡಾ ಹೈ. ಆಪ್ ಜಾವೋ." ಅಜ್ಜ ನಂಬಲಿಲ್ಲ. ಹುಡುಗಿ ಓಡಿ ಬಂದ್ಲು, ಆಕಿ ಹಿಂದ ಆಕಿಗಿಂತ ದೊಡ್ಡಾಕಿ ಬಂದ್ಲು. ಖರೇನ ಸೀಟು ಬಿಟ್ಟ ಕೊಡತೀರೇನು ಅಂತ ಇಬ್ಬರೂ ತಿರತಿರಗಿ ಕೇಳಿದ್ರು, ಶೈಲಾ ತಿರತಿರಗಿ ಹೂಂ ಅಂದ್ಲು. ಕಡೀಗೆ ಅಜ್ಜ ದುವಾ ಕೊಡಕೋತ ಮುಂದ ಹೋದ. ಅವನ ಜಾಗಾದಾಗ ಶೈಲಾ ಕುಂತ್ಲು. ಇಕ್ಕಟ್ಟ ಜಾಗಾ, ಭುಜಕ್ಕ ಭುಜ ಹತ್ತಿತು.

"ತಲಿ ಕೆಟ್ಟೈತೇನ ನಿಂದು?" ಅಂದ ಶಶಿಕಾಂತ. "ತಿಂಗಳಗಟ್ಟಲೆ ಹುಡಕೇನಿ ಆ ಸೀಟ. ನನಗಿಲ್ಲಂದ್ರೂ ನೀನರ ಕೂಡ್ಲಿ ಅಂತ ಕೊಟ್ರ, ಯಾರಿಗೋ ದಾನ ಮಾಡಿ ಬಂದಿ."

"ನನಗ ಸೀಟ ಬೇಕಾಗಿದ್ದಿಲ್ರೀ. ನಿಮ್ಮ ಬಾಜೂಕ ಕೂಡೂದ ಬೇಕಾಗಿತ್ತು."

ಶಶಿಕಾಂತ ಹೆಂಡತಿ ಮುಖ ನೋಡಿದ. ಗೇಣು ದೂರದಾಗ ಇತ್ತು. ಕಿವಿ ಹತ್ರ ಕೂದಲು ಬೆಳ್ಳಗಾದದ್ದು ಅವಗ ಈಗ ಕಂಡಿತು.

"ಹಂಗಂತ ಮೊದಲ ಹೇಳಬಾರದಿತ್ತೇನು?"

"ಯಾವಾಗ ಹೇಳಲಿ? ಎಲ್ಲಿ ಕುಂತು ಹೇಳಲಿ?"

ಅವನ ಸಿಟ್ಟು ಇಳದಿತ್ತು, ಅದರ ಜಾಗಾದಾಗ ನಾಚಿಕಿ ಬಂದಿತ್ತು. ನಡುವಿನ ಕೈ ಇಡೂ ಪಟ್ಟಿ ಮ್ಯಾಲೆತ್ತಿ ಸರಿಸಿದ.

"ಇನ್ನೂ ಏನರ ಹೇಳೂದು ಉಳದೈತೇನು?" ಅಂತ ಸಣ್ಣ ದನೀಲೆ ಕೇಳಿದ.

"ಐತಿ," ಅಂದ್ಲು ಶೈಲಾ.

ಹೇಳಾಕ ಸುರು ಮಾಡಿದ್ಲು. ಅಂವ ಮಲಗಲಿಲ್ಲ. ಸಿಂಗಾಪುರದಾಗ ಗಾಲಿ ನೆಲಕ್ಕ ಹತ್ತಿದಾಗ ಆಕಿ ಇನ್ನೂ ಮದಿವ್ಯಾದ ಮೊದಲನೇ ವರ್ಷದ್ದು ಹೇಳಾಕತ್ತಿದ್ಲು.