ಏಳು ಜನರ ಭಾರ

ನಾನು ಒಂದು ದೊಡ್ಡ ಗಾಡಿ. ಮೂರು ಸಾಲು, ಎಂಟು ಸೀಟು, ತಲೆಯ ಮೇಲೆ ಸಾಮಾನು ಕಟ್ಟಲು ಕಬ್ಬಿಣದ ಕ್ಯಾರಿಯರ್. ಕಾರ್ಖಾನೆಯಲ್ಲಿ ತಗಡು, ಗಾಜು, ವೈರು ಎಲ್ಲ ಜೋಡಿಸಿ ಮೊದಲ ಸಲ ನನ್ನ ಇಂಜಿನ್ ಚಾಲೂ ಮಾಡಿದಾಗ ಸುತ್ತ ನೋಡಿದೆ. ಪಕ್ಕದಲ್ಲಿ ನಿಂತಿದ್ದವೆಲ್ಲ ಪುಟ್ಟ ಪುಟ್ಟ ಕಾರುಗಳು. ಸುಳ್ಳು ಯಾಕೆ ಹೇಳಲಿ, ಆಗಲೇ ನನಗೆ ಸ್ವಲ್ಪ ಜಂಭ ಬಂತು.

ಆ ಜಂಭ ಇಳಿಸಲು ಮೊದಲ ಮಾಲೀಕನೊಬ್ಬನೇ ಸಾಕಾದ. ಅವನು ಹುಬ್ಬಳ್ಳಿಯ ಟ್ರಾವೆಲ್ಸ್‌ನವನು. ಎಂಟು ಸೀಟಿನಲ್ಲಿ ಹನ್ನೆರಡು ಮಂದಿಯನ್ನು ತುರುಕಿ ಶಿರಡಿಗೆ, ಪಂಢರಪುರಕ್ಕೆ, ಊರೂರಿನ ಮದುವೆಗಳಿಗೆ ನನ್ನನ್ನು ಅಟ್ಟುತ್ತಿದ್ದ. ಮಕ್ಕಳ ವಾಂತಿ, ಗುಟ್ಕಾದ ಕಲೆ, ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡ ಚುರುಮುರಿ, ಎಲ್ಲವೂ ನನ್ನ ಪಾಲಿಗೆ. ಡ್ರೈವರುಗಳು ಬರುತ್ತಿದ್ದರು, ಹೋಗುತ್ತಿದ್ದರು. ನನ್ನನ್ನು ತಮ್ಮದು ಅಂದುಕೊಂಡವರು ಒಬ್ಬರೂ ಇರಲಿಲ್ಲ.

ಕೊನೆಗೆ ಧಾರವಾಡದ ಮಹಾಂತೇಶ ನನ್ನನ್ನು ಕೊಂಡುಕೊಂಡ. ಅವನದು ಕೂಡು ಕುಟುಂಬ: ತಾಯಿ ನೀಲವ್ವ, ಹೆಂಡತಿ ಶೈಲಜಾ, ತಮ್ಮ, ತಮ್ಮನ ಹೆಂಡತಿ, ಅವರ ಇಬ್ಬರು ಹೆಣ್ಣುಮಕ್ಕಳು. ಒಟ್ಟು ಏಳು ಜನ. ನೀಲವ್ವ ಮೊದಲ ದಿನವೇ ನನ್ನೊಳಗೆ ಹತ್ತಿ ಕಲೆಗಳನ್ನು ನೋಡಿ ಮೂಗು ಮುರಿದಳು. ಮರುವಾರವೇ ತನ್ನ ಹಳೆಯ ಇಳಕಲ್ ಸೀರೆಗಳನ್ನು ಕತ್ತರಿಸಿ ಸೀಟಿಗೆಲ್ಲ ಗವಸು ಹೊಲಿದು ತೊಡಿಸಿದಳು. ಹುಟ್ಟಿದ ಮೇಲೆ ನನಗೆ ಬಟ್ಟೆ ತೊಡಿಸಿದವಳು ಅವಳೊಬ್ಬಳೇ.

ಶೈಲಜಾ ಗಾಡಿ ಕಲಿತದ್ದು ನಲವತ್ತು ದಾಟಿದ ಮೇಲೆ. ನಾನು ಮನುಷ್ಯರನ್ನು ಪಾದದಿಂದ ಗುರುತಿಸುವವನು. ಮಹಾಂತೇಶನ ಪಾದ ಬ್ರೇಕನ್ನು ಒದೆಯುತ್ತದೆ. ಶೈಲಜಾಳದು ನನ್ನನ್ನು ಕೇಳಿ ಕೇಳಿ ಒತ್ತುತ್ತದೆ. ಅವಳು ಕೂತಾಗ ನನಗೆ ಹಾಯೆನಿಸುತ್ತಿತ್ತು. ಆದರೆ ಒಮ್ಮೆ ಅಂಕೋಲೆಯಿಂದ ಮರಳುವಾಗ ಅರಬೈಲು ಘಾಟಿಯ ಏರು ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಅವಳು ಗಾಬರಿಯಾಗಿ ಕ್ಲಚ್ ಬಿಟ್ಟುಬಿಟ್ಟಳು. ಇಂಜಿನ್ ನಿಂತಿತು. ನಾನು ಹಿಂದಕ್ಕೆ ಜಾರಿ ರಸ್ತೆ ಬದಿಯ ಕಲ್ಲಿಗೆ ಬಡಿದೆ. ಬಂಪರ್ ತಗ್ಗು ಬಿತ್ತೇ ಹೊರತು ಯಾರಿಗೂ ಏನೂ ಆಗಲಿಲ್ಲ. ಆದರೂ ನೀಲವ್ವ ಕೆಳಗಿಳಿದು ಸೆರಗು ಝಾಡಿಸಿಕೊಂಡು ಅಂದಳು:

"ಇನ್ನ ಮ್ಯಾಲೆ ಈಕಿ ಕೈಯಾಗ ಗಾಡಿ ಇದ್ರ ನಾ ಹತ್ತಂಗಿಲ್ಲ."

ಅತ್ತೆ ಹತ್ತದ ಗಾಡಿಗೆ ಉಳಿದವರು ಹತ್ತುತ್ತಾರೆಯೇ? ಒಬ್ಬೊಬ್ಬರಿಗೆ ಒಂದೊಂದು ನೆಪ ಸಿಕ್ಕಿತು. ಶೈಲಜಾ ರವಿವಾರ ಒಬ್ಬಳೇ ನನ್ನನ್ನು ಖಾಲಿ ಮೈದಾನಕ್ಕೆ ಒಯ್ದು ಸುತ್ತು ಹಾಕಿಸಿ ತರುತ್ತಿದ್ದಳು. ಕನ್ನಡಿಯಲ್ಲಿ ಹಿಂದಿನ ಸೀಟುಗಳು ಖಾಲಿ ಕಾಣುತ್ತಿದ್ದವು. ಅವಳು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಡುತ್ತಿದ್ದಳು. ನನಗೆ ತುಂಬ ಸಂಕಟವಾಗುತ್ತಿತ್ತು.

ಆಗ ಅವಳ ಕಿವಿಗೆ ಬಿದ್ದದ್ದು ಹುಬ್ಬಳ್ಳಿಯ ಕೆಸರು ಬಳಗದ ಹೆಸರು. ರಸ್ತೆ ಇಲ್ಲದ ಕಡೆ, ಗುಡ್ಡ ಹಳ್ಳಗಳಲ್ಲಿ ಜೀಪು ಓಡಿಸುವವರ ಗುಂಪು ಅದು. ಟೈಲ್ಸ್ ಅಂಗಡಿಯ ಅನ್ವರ್ ಭಾಯಿ ಅದರ ಹಿರಿಯ. ಊರಾಚೆಯ ಹಳೇ ಕಲ್ಲಿನ ಕ್ವಾರಿಯಲ್ಲಿ ಒಂದು ಗರಸಿನ, ಸಡಿಲ ಜಲ್ಲಿಮಣ್ಣಿನ ದಿಬ್ಬವಿತ್ತು. ಅದನ್ನು ಹತ್ತಿದವರು ಬಳಗದವರು. ಹತ್ತದವರು ನೋಡಲು ಬಂದವರು. ಶೈಲಜಾ ಹೆಸರು ಕೊಟ್ಟು ಬಂದಳು.

ಮಹಾಂತೇಶ ಬೇಡ ಅನ್ನಲಿಲ್ಲ. ಆದರೆ ಒಂದು ಮಾತು ಅಂದ: "ಆ ದಿಬ್ಬ ಹತ್ತಿದಿ ಅಂದ್ರ ಗಾಡಿ ನಿನ್ನ ಕೈಯಾಗ. ಇಲ್ಲಾಂದ್ರ ಇದನ್ನ ಮಾರಿ ಸಣ್ಣದೊಂದು ತಗೊಳ್ಳೂಣು. ನಾನ ಹೊಡೀತೀನಿ."

ಅವಳು ಹೂಂ ಅಂದಳು. ನನ್ನನ್ನು ಯಾರು ಕೇಳಬೇಕು?

ಆ ರವಿವಾರ ಮನೆಮಂದಿಯೆಲ್ಲ ಹೊರಟು ನಿಂತರು. ಬಳಗ ಅಂದಮೇಲೆ ಊಟ ಇರಲೇಬೇಕಲ್ಲ ಎಂದು ನೀಲವ್ವ ಹಿಂದಿನ ದಿನದಿಂದಲೇ ರೊಟ್ಟಿ ತಟ್ಟಿಸಿದ್ದಳು. ರೊಟ್ಟಿ ಗಂಟು, ಎಣಗಾಯಿ ಪಲ್ಯದ ಡಬ್ಬಿ, ಮೊಸರಿನ ಗಡಿಗೆ, ಜಮಖಾನ, ಕುಡಿಯುವ ನೀರಿನ ಕ್ಯಾನು, ನೀಲವ್ವನ ಕುರ್ಚಿ, ಎಲ್ಲ ನನ್ನ ಮೇಲೆ, ನನ್ನೊಳಗೆ. ಕ್ವಾರಿಯವರೆಗೆ ಮಹಾಂತೇಶನೇ ಓಡಿಸಿದ.

ಅಲ್ಲಿ ಗಿಡ್ಡ ಜೀಪುಗಳು ಕೆಸರು ಮೆತ್ತಿಕೊಂಡು ಗತ್ತಿನಿಂದ ನಿಂತಿದ್ದವು. ಯಾರೋ ಅಂದರು, "ಬೀಗರ ಬಂದ್ರು ನೋಡ್ರಿ, ಚಾ ಇಡ್ರಿ." ಎಲ್ಲರೂ ನಕ್ಕರು. ಶೈಲಜಾ ನಗಲಿಲ್ಲ. ಚಾಲಕನ ಸೀಟಿಗೆ ಬಂದು ಕೂತಳು. ಅವಳ ಎಡಗಾಲು ಕ್ಲಚ್ಚನ್ನು ತಳದವರೆಗೆ ಒತ್ತಿ ಹಿಡಿದಿತ್ತು.

ಅನ್ವರ್ ಭಾಯಿ ನನ್ನ ಟೈರುಗಳ ಗಾಳಿ ಅರ್ಧ ಇಳಿಸಿದ. ದಿಬ್ಬದ ಮೇಲೆ ನಿಂತ ಜೀಪಿನಿಂದ ಹಗ್ಗ ತಂದು ನನ್ನ ಮೂತಿಗೆ ಕಟ್ಟಿದ. "ಇದು ಎಳ್ಯಾಕಲ್ರಿ ಅಕ್ಕಾರ, ಜಾರಿದ್ರ ಹಿಡ್ಯಾಕ. ಹತ್ತೂದು ನೀವ ಹತ್ತಬೇಕು," ಅಂದ. ಭಾರ ಕಡಿಮೆಯಾದರೆ ಸಲೀಸಾಗಿ ಹತ್ತುತ್ತದೆ ಎಂದು ಮಹಾಂತೇಶ ಮೊಸರಿನ ಗಡಿಗೆಯನ್ನೂ ಬಿಡದೆ ಎಲ್ಲ ಇಳಿಸಿದ. ಮಂದಿಯಂತೂ ಮೊದಲೇ ಇಳಿದು ಜಮಖಾನ ಹಾಸಿ ಕೂತಿತ್ತು.

ಹೊರಟೆವು. ಅರ್ಧ ದಿಬ್ಬದಲ್ಲಿ ನನ್ನ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗತೊಡಗಿದವು. ನನ್ನನ್ನು ನೂಕುವುದು ಹಿಂದಿನ ಗಾಲಿಗಳು ಮಾತ್ರ. ಜೀಪುಗಳ ಹಾಗೆ ನಾಲ್ಕೂ ಅಲ್ಲ. ಗರಸು ಹಾರಿತು, ರಬ್ಬರಿನ ವಾಸನೆ ಎದ್ದಿತು. ಮೆಲ್ಲಗೆ ಕೆಳಗಿಳಿದೆವು. ಇನ್ನೊಮ್ಮೆ ಹೋದರೂ ಅದೇ ಕಥೆ. ಶೈಲಜಾ ಸ್ಟೇರಿಂಗಿನ ಮೇಲೆ ಹಣೆ ಇಟ್ಟಳು. ಮುಗಿಯಿತು, ನನ್ನನ್ನು ಮಾರುತ್ತಾರೆ ಅಂದುಕೊಂಡೆ. ಅವಳೂ ಅದನ್ನೇ ಅಂದುಕೊಂಡಿರಬೇಕು.

ಅನ್ವರ್ ಭಾಯಿ ಬಗ್ಗಿ ನನ್ನ ಗಾಲಿಗಳನ್ನು ನೋಡಿದ. "ತಪ್ಪು ನಿಮ್ಮದಲ್ರಿ. ಇದು ಖಾಲಿ ಹತ್ತೂ ಗಾಡಿ ಅಲ್ಲ. ಹಿಂದ ಭಾರ ಇದ್ರ ಗಾಲಿ ನೆಲಾ ಹಿಡೀತಾವ." ಜೀಪಿನವರತ್ತ ತಿರುಗಿ, "ನಾಕ ಕಲ್ಲ ತಂದ ಹಾಕ್ರೋ ಹಿಂದಿನ ಸೀಟಿಗೆ," ಎಂದ.

ಇಬ್ಬರು ಕಲ್ಲು ಎತ್ತಿಕೊಂಡು ಬಂದೇಬಿಟ್ಟರು. ಜಮಖಾನದ ಮೇಲಿಂದ ನೀಲವ್ವ ಎದ್ದು ನಿಂತಳು.

"ಏ, ಇಡ್ರಿ ಕೆಳಗ. ನನ್ನ ಸೀರಿ ಹೊಲದ ಗವಸ ಹಾಕೀನಿ ಅದಕ್ಕ. ಕಲ್ಲ ಹೊರಸ್ತಾರಂತ."

"ಭಾರ ಬೇಕ್ರಿ ಅವ್ವಾರ," ಎಂದ ಅನ್ವರ್ ಭಾಯಿ.

ನೀಲವ್ವ ದಿಬ್ಬವನ್ನು ನೋಡಿದಳು. ಸೊಸೆಯನ್ನು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಹಿಂದಿನ ಬಾಗಿಲಿಗೆ ಬಂದಳು.

"ನಾ ಏನ ಕಲ್ಲಿಗಿಂತ ಹಗೂರದೀನಿ? ಮಹಾಂತ್ಯಾ, ಕೈ ಕೊಡು. ನೀವೂ ಬರ್ರೆಲ್ಲಾ."

ಒಬ್ಬರ ಹಿಂದೆ ಒಬ್ಬರು ಹತ್ತಿದರು. ಅತ್ತೆಯೇ ಹತ್ತಿದ ಮೇಲೆ ನೆಪ ಹೇಳುವವರು ಯಾರು? ನನ್ನ ಬೆನ್ನು ತಗ್ಗಿತು, ಗಾಲಿಗಳು ಗರಸಿನಲ್ಲಿ ಊರಿ ಕೂತವು. ಎಷ್ಟು ತಿಂಗಳಾಗಿತ್ತೋ ಶೈಲಜಾಳ ಬೆನ್ನ ಹಿಂದೆ ಆ ಭಾರ ಹೊತ್ತು. ಶೈಲಜಾ ಕನ್ನಡಿಯನ್ನು ಸರಿಮಾಡಿಕೊಂಡಳು. ಅದರಲ್ಲಿ ಅತ್ತೆಯ ಮುಖ ಕಂಡಿತು.

"ನನ್ನ ಮಾರಿ ಏನ ನೋಡ್ತಿ," ಎಂದಳು ನೀಲವ್ವ. "ಮುಂದ ನೋಡು. ಹಿಂದ ನಾವು ಅದೀವಿ."

ಶೈಲಜಾ ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು. ಅವಳು ಅವಸರ ಮಾಡಲಿಲ್ಲ, ಫಸ್ಟ್ ಗೇರಿನಲ್ಲಿ ಕೇಳಿ ಕೇಳಿ ಒತ್ತಿದಳು. ಅರ್ಧ ದಿಬ್ಬದಲ್ಲಿ ಗಾಲಿ ಒಮ್ಮೆ ಜಾರಿ ಮತ್ತೆ ನೆಲ ಹಿಡಿಯಿತು. ಹುಡುಗಿಯರು ಕಣ್ಣು ಮುಚ್ಚಿಕೊಂಡರು. ಹಗ್ಗ ಸಡಿಲವಾಗಿಯೇ ಇತ್ತು, ಕೊನೆಯವರೆಗೂ. ಮೇಲೆ ತಲುಪಿ ಅವಳು ಕೈಬ್ರೇಕ್ ಎಳೆದಾಗ ನನ್ನ ಮೈಯ ನಟ್ಟು ಬೋಲ್ಟೆಲ್ಲ ಒಮ್ಮೆಗೇ ಹಗುರವಾದ ಹಾಗಾಯಿತು. ಶೈಲಜಾ ಅತ್ತಳು. ಮಹಾಂತೇಶ ನೀರಿನ ಬಾಟಲಿ ಮುಂದೆ ಮಾಡಿದ.

ರೊಟ್ಟಿ ಇಡೀ ಬಳಗಕ್ಕೆ ಸಾಕಾಯಿತು. ನಕ್ಕವರೇ ಮೊದಲು ಕೈಯೊಡ್ಡಿದರು. ಹೊರಡುವಾಗ ಮಹಾಂತೇಶ ಅಭ್ಯಾಸಬಲದಿಂದ ಕೀಲಿಗೆ ಕೈ ಚಾಚಿದ. "ನೀ ಹಿಂದ ಕುಂದ್ರು," ಎಂದಳು ನೀಲವ್ವ. ದಾರಿಯಲ್ಲಿ ಅವಳು ನವಲೂರು ದಾಟುವ ಹೊತ್ತಿಗೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಶೈಲಜಾ ಕನ್ನಡಿಯಲ್ಲಿ ಅದನ್ನು ನೋಡಿ ನನ್ನನ್ನು ಇನ್ನಷ್ಟು ಮೆಲ್ಲಗೆ ಓಡಿಸಿದಳು.

ಆಮೇಲೆ ಎಷ್ಟೋ ವರ್ಷ ಬಳಗದ ಜೊತೆ ಗುಡ್ಡ ಹಳ್ಳ ಸುತ್ತಿದೆ. ಈಗ ನನಗೆ ವಯಸ್ಸಾಗಿದೆ. ಇಂಜಿನ್ ಕೈಕೊಟ್ಟಿದೆ, ಮನೆಯ ಹಿಂದೆ ಬೇವಿನ ನೆರಳಲ್ಲಿ ನಿಂತಿದ್ದೇನೆ. ಮೊನ್ನೆ ಗುಜರಿಯವನು ಬಂದಿದ್ದ. ನೀಲವ್ವ ಅವನನ್ನು ಬಾಗಿಲಲ್ಲೇ ತಡೆದು, "ಇದರಾಗ ಆದ್ರ ನನಗ ನಿದ್ದಿ ಬರತೈತಿ, ಮನ್ಯಾಗ ಬರಂಗಿಲ್ಲ," ಎಂದು ಕಳಿಸಿಬಿಟ್ಟಳು. ಓಡುವುದೇ ಗಾಡಿಯ ಬದುಕು ಅಂದುಕೊಂಡಿದ್ದೆ, ನಿಂತಮೇಲೂ ಕೆಲಸವಿದೆ.

ಮಧ್ಯಾಹ್ನ ಊಟವಾದ ಮೇಲೆ ಅವಳು ಬಂದು ನಡುವಿನ ಸೀಟಿನಲ್ಲಿ ಒರಗುತ್ತಾಳೆ. ಸಂಜೆ ಎಬ್ಬಿಸಲು ಬರುವ ಶೈಲಜಾ ಒಮ್ಮೊಮ್ಮೆ ಎಬ್ಬಿಸುವುದಿಲ್ಲ. ಸದ್ದಾಗದಂತೆ ಬಾಗಿಲು ತೆಗೆದು ಸ್ಟೇರಿಂಗ್ ಮುಂದೆ ಸುಮ್ಮನೆ ಕೂರುತ್ತಾಳೆ. ನೀಲವ್ವ ನಿದ್ದೆಗಣ್ಣಿನಲ್ಲೇ ಕೇಳುತ್ತಾಳೆ:

"ಊರು ಬಂತೇನ ಶೈಲಾ?"

"ಇನ್ನೂ ಇಲ್ರಿ ಅತ್ತಿ. ಮಲಕೊಳ್ರಿ."