ವೆಟ್ ಅಂದಳು ಮಗಳು, ಡ್ರೈ ಅಂದರು ಅಪ್ಪ

ಶ್ರೀನಗರದ ಆ ಮನೆಯಲ್ಲಿ ಅಪ್ಪ ಮಗಳು ಮಾತು ಬಿಟ್ಟು ತಿಂಗಳ ಮೇಲಾಗಿತ್ತು. ಮಾತು ಬಿಟ್ಟರು ಅಂದರೆ ಮನೆ ತಣ್ಣಗಿತ್ತು ಅಂತೇನೂ ಅಲ್ಲ. ಎಲ್ಲ ಮಾತೂ ಅಮ್ಮ ವಾರಿಜಾಳ ಮೂಲಕ ಸಾಗುತ್ತಿತ್ತು, ಅಷ್ಟೆ. ಗಂಡ ವಿಜಯಕುಮಾರ್ ಜಗಲಿಯಲ್ಲಿ ಪೇಪರ್ ಹಿಡಿದು "ಕೇಳು ಅವಳನ್ನ" ಅನ್ನುವುದು, ಮಗಳು ತನ್ಮಯಿ ಅಡುಗೆಮನೆಯಲ್ಲಿ ದೋಸೆ ತಿನ್ನುತ್ತಾ "ಹೇಳು ಅಪ್ಪಂಗೆ" ಅನ್ನುವುದು. ಒಲೆಯ ಮೇಲೆ ಒಗ್ಗರಣೆ ಸೀದರೂ ಸರಿಯೇ, ವಾರಿಜಾ ಮಾತ್ರ ಓಡಾಡುತ್ತಲೇ ಇರಬೇಕು.

ಜಗಳ ಹುಟ್ಟಿದ್ದು ಕತ್ರಿಗುಪ್ಪೆಯಲ್ಲಿರುವ ಅವರ ಗ್ಯಾರೇಜಿನಲ್ಲಿ. ತನ್ಮಯಿ ಇಂಜಿನಿಯರಿಂಗ್ ಮುಗಿಸಿ ಅಪ್ಪನ ಜೊತೆ ಅಲ್ಲೇ ಕೆಲಸಕ್ಕೆ ನಿಂತಿದ್ದಳು. ಒಂದು ದಿನ ಅವಳು ಟ್ಯೂನ್ ಮಾಡಿಟ್ಟ ಕಾರಿನ ಮುಂದೆ ನಿಂತು ವಿಜಯಕುಮಾರ್ ಗಿರಾಕಿಗೆ, ಅವಳು ನೋಡಿದ್ದು ಬಿಡಿ, ನಾನೊಂದು ಸಲ ನೋಡುತ್ತೇನೆ ಅಂದುಬಿಟ್ಟರು. ಹುಡುಗಿಗೆ ಅವಮಾನವಾಯಿತು. ಅಂದಿನಿಂದ ಅವರು ಊಟಕ್ಕೆ ಮನೆಗೆ ಬಂದಾಗ ಇವಳು ಗ್ಯಾರೇಜಿಗೆ, ಅವರು ಅಲ್ಲಿಗೆ ಹೋದಾಗ ಇವಳು ಮನೆಗೆ. ಹಟದಲ್ಲಿ ಮಾತ್ರ ಇಬ್ಬರದೂ ಒಂದೇ ಅಚ್ಚು.

ಇಷ್ಟರ ನಡುವೆ ಬಿಳಿ ಎಸ್ಟೀಮ್ ಕಾರೊಂದಿತ್ತು. ಅದರ ಇಂಜಿನ್ನನ್ನು ಒಂದೊಂದೇ ಬಿಡಿಭಾಗ ಜೋಡಿಸಿ ವಿಜಯಕುಮಾರ್ ಕಟ್ಟಿದ್ದರು. ಊರಾಚೆಯ ಏರ್‌ಸ್ಟ್ರಿಪ್ಪಿನಲ್ಲಿ ನಡೆಯುವ, ಎರಡೆರಡು ಕಾರು ನೇರ ದಾರಿಯಲ್ಲಿ ಓಡುವ ಡ್ರ್ಯಾಗ್ ರೇಸಿನಲ್ಲಿ ಅದನ್ನು ತನ್ಮಯಿ ಓಡಿಸಬೇಕೆಂದು ಜಗಳಕ್ಕೆ ಮೊದಲೇ ತೀರ್ಮಾನವಾಗಿತ್ತು. ಅದಕ್ಕೆ ನೈಟ್ರಸ್ ಕೂಡಿಸಬೇಕು. ಗುಂಡಿ ಒತ್ತಿದರೆ ಇಂಜಿನ್ನಿಗೆ ಕೆಲವು ಕ್ಷಣ ಹೆಚ್ಚಿನ ಉಸಿರು ಕೊಡುವ ಗ್ಯಾಸ್ ಅದು. ಗ್ಯಾಸಿನ ಜೊತೆಗೇ ಪೆಟ್ರೋಲನ್ನೂ ಸಿಂಪಡಿಸಿದರೆ ವೆಟ್. ಗ್ಯಾಸನ್ನಷ್ಟೇ ಹಾಯಿಸಿ, ಹೆಚ್ಚಿಗೆ ಬೇಕಾದ ಪೆಟ್ರೋಲನ್ನು ಕಾರಿನಲ್ಲಿ ಮೊದಲೇ ಇರುವ ಇಂಜೆಕ್ಟರುಗಳೇ ಕೊಡಲಿ ಅಂದರೆ ಡ್ರೈ. ಮಗಳು ವೆಟ್ಟೇ ಆಗಬೇಕು ಅಂದಳು. ಅಪ್ಪ ಡ್ರೈ ಬಿಟ್ಟು ಬೇರೆ ಮಾತೇ ಬೇಡ ಅಂದರು.

ವಾರಿಜಾಗೆ ಇದೆಲ್ಲ ಮೊದಮೊದಲು ತಲೆಬುಡ ತಿಳಿಯಲಿಲ್ಲ. ಆದರೂ ತಲುಪಿಸುವ ಮಾತನ್ನು ಸ್ವಲ್ಪ ತೊಳೆದು, ಕಲ್ಲು ಆರಿಸಿ ಕೊಡುವುದು ಅವಳ ಅಭ್ಯಾಸ. ಅಪ್ಪಂಗೆ ಹಳೇ ಬುದ್ಧಿ ಎಂದು ಮಗಳು ಅಂದದ್ದು ಜಗಲಿ ಮುಟ್ಟುವಷ್ಟರಲ್ಲಿ, ಇನ್ನೊಂದು ಸಲ ಯೋಚಿಸಿ ಅನ್ನುತ್ತಿದ್ದಾಳೆ ಎಂದಾಗುತ್ತಿತ್ತು. ಹೀಗೆ ಸೋಸಿ ಸೋಸಿ ಇಬ್ಬರಿಗೂ ಸಿಕ್ಕಿದ್ದು ಬರೀ ಪೈಪು, ಪಂಪಿನ ಲೆಕ್ಕಾಚಾರ. ಹೊಟ್ಟೆಯೊಳಗಿನ ಮಾತು ಒಂದೂ ಆಚೆ ದಾಟಲಿಲ್ಲ.

ಭಾನುವಾರ ಬೆಳಿಗ್ಗೆ ನೈಟ್ರಸ್ ಕಿಟ್ ಮಾರುವವನು ಫೋನ್ ಮಾಡಿ, ಯಾವುದು ಬೇಕೆಂದು ಇವತ್ತು ಹೇಳದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಅಂದ. ವಿಜಯಕುಮಾರ್ ಆಗ ಅವರೆಕಾಳು ಹಿಸುಕುತ್ತಿದ್ದರು. ಕಾಳು ಬಟ್ಟಲಿಗೆ ಬೀಳದೆ ನೆಲಕ್ಕೆ ಹಾರುತ್ತಿತ್ತು. ಈಚೆಗೆ ಅವರ ಕೈ ನಡುಗುತ್ತದೆ. ಅದು ಯಾರಿಗೂ ಗೊತ್ತಿಲ್ಲ ಎಂದು ಅವರು ನಂಬಿಕೊಂಡಿದ್ದರು. ವಾರಿಜಾ ಬಗ್ಗಿ ಕಾಳು ಆರಿಸುವಾಗ ಅವರು ಮೆಲ್ಲಗೆ ಅಂದರು:

"ಆ ವೆಟ್ ಇದ್ಯಲ್ಲ, ಅದ್ರಲ್ಲಿ ಇಂಜಿನ್ನಿಗೆ ಗಾಳಿ ಹೋಗೋ ದಾರೀಲಿ ಪೆಟ್ರೋಲ್ ನಿಂತ್ಬಿಟ್ರೆ ಬೆಂಕಿ ಹಿಂದಕ್ಕೆ ಹೊಡೆಯತ್ತೆ. ಒಳಗೆ ಕೂತಿರೋಳು ನನ್ನ ಮಗಳು. ಡ್ರೈ ಕೈ ಕೊಟ್ರೆ ಇಂಜಿನ್ ಸಾಯತ್ತೆ, ಅಷ್ಟೇ ತಾನೆ. ಅವಳಿಗೆ ಹೇಳ್ಬೇಡ. ಹುಡುಗಿ ಅಂತ ಹೆದರ್ತೀನಿ ಅಂದ್ಕೋತಾಳೆ."

ವಾರಿಜಾ ಒಗೆದ ಬಟ್ಟೆ ಎತ್ತಿಕೊಂಡು ಮಹಡಿಗೆ ಹೋದಳು. ತನ್ಮಯಿ ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದಳು. ಅದೇನು ವೆಟ್ಟೇ ಬೇಕೆಂಬ ಹಟ ಎಂದು ಕೇಳಿದರೆ, ಮೊದಲು ಏನೇನೋ ಹೇಳಿ ತೇಲಿಸಿದಳು. ಆಮೇಲೆ ಒದ್ದೆ ಸೀರೆಯ ಒಂದು ತುದಿ ಹಿಡಿದುಕೊಂಡು ಅಂದಳು:

"ಡ್ರೈಲಿ ಪೆಟ್ರೋಲ್ ಸಾಲ್ದೆ ಹೋದ್ರೆ ಇಂಜಿನ್ ಕಾದು ಪಿಸ್ಟನ್ ಕರಗೋಗತ್ತೆ ಅಮ್ಮ. ಅಪ್ಪನ ಕೈ ನೋಡಿದೀಯಲ್ಲ? ಇನ್ನೊಂದು ಇಂಜಿನ್ ಕಟ್ಟಕ್ಕಾಗಲ್ಲ. ಅವರು ಕಟ್ಟಿರೋದ್ರಲ್ಲಿ ಇದೇ ಕೊನೇದು. ನನ್ನ ಕೈಲಿ ಅದು ಹಾಳಾಗ್ಬಾರ್ದು. ಹೇಳ್ಬೇಡ ಅಪ್ಪಂಗೆ."

ಕೆಳಗಿಳಿಯುವಾಗ ವಾರಿಜಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇಬ್ಬರ ಮೇಲೂ ಪ್ರೀತಿ ಉಕ್ಕಿ ಬಂತು, ಅದರ ಹಿಂದೆಯೇ ಕೋಪವೂ ಬಂತು. ಇಷ್ಟು ದಿನ ತನ್ನನ್ನು ಅಂಚೆಯವಳಂತೆ ಓಡಾಡಿಸಿ, ಹೇಳಬೇಕಾದ್ದನ್ನು ಮಾತ್ರ ಹೇಳಬೇಡ ಅನ್ನುತ್ತಾರಲ್ಲ. ಹೇಳಿದರೆ ಗಂಡನ ಮಾನಕ್ಕೆ ಪೆಟ್ಟು, ಹೆಂಡತಿಗೂ ತೋರಿಸದೆ ಬಚ್ಚಿಟ್ಟ ಕೈ ಅದು. ಹೇಳದಿದ್ದರೆ ಇವತ್ತು ಯಾವ ಕಿಟ್ ಬಂದರೂ ಇಬ್ಬರಲ್ಲಿ ಒಬ್ಬರು ಸೋತಂತೆ, ಮತ್ತೆ ಈ ಮನೆಯಲ್ಲಿ ಅಪ್ಪ ಮಗಳು ಬಾಯಿ ಬಿಡುವುದಿಲ್ಲ. ವಾರಿಜಾಗೆ ನಿಜಕ್ಕೂ ಭಯವಾದದ್ದು ಅದಕ್ಕೆ.

ಕೊನೆಗೆ ಎದ್ದು ಬಂದವಳೇ, ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ಹೋಗಬೇಕು, ಇಬ್ಬರೂ ಬನ್ನಿ, ಎಸ್ಟೀಮ್ ತೆಗೆಯಿರಿ ಅಂದಳು. ದೇವರ ಹೆಸರು ಹೇಳಿದ ಮೇಲೆ ಇಬ್ಬರಿಗೂ ಇಲ್ಲ ಅನ್ನಲಾಗಲಿಲ್ಲ. ತನ್ಮಯಿ ಸ್ಟೀರಿಂಗ್ ಹಿಡಿದಳು, ವಿಜಯಕುಮಾರ್ ಪಕ್ಕದಲ್ಲಿ ಕಿಟಕಿಯಾಚೆ ನೋಡುತ್ತಾ ಕೂತರು, ವಾರಿಜಾ ಹಣ್ಣುಕಾಯಿ ಹಿಡಿದು ಹಿಂದೆ. ಗುಡ್ಡದ ಬುಡದಲ್ಲಿ ಕಾರು ನಿಂತಿತು. ವಾರಿಜಾ ಇಳಿಯಲಿಲ್ಲ.

"ಇವರಿಗೆ ಡ್ರೈ ಯಾಕೆ ಬೇಕು ಅಂದ್ರೆ, ಇಂಜಿನ್ ಹೋದ್ರೂ ನಿನಗೇನೂ ಆಗ್ಬಾರ್ದು ಅಂತ," ಅಂದಳು ಮಗಳಿಗೆ. ಆಮೇಲೆ ಗಂಡನ ಕಡೆ ತಿರುಗಿ, ಧ್ವನಿ ಗಟ್ಟಿ ಮಾಡಿಕೊಂಡು, "ಇವಳಿಗೆ ವೆಟ್ ಯಾಕೆ ಬೇಕು ಅಂದ್ರೆ, ನೀವು ಕಟ್ಟಿದ ಇಂಜಿನ್ ಉಳೀಲಿ ಅಂತ. ನಿಮ್ಮ ಕೈ ನಡುಗೋದು ನಂಗೂ ಗೊತ್ತು, ಅವಳಿಗೂ ಗೊತ್ತು."

ವಿಜಯಕುಮಾರ್ ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡು ಮುಂದಿನ ಗಾಜನ್ನೇ ನೋಡುತ್ತಿದ್ದರು. ಅವರು ಇಳಿದು ನಡೆದೇಬಿಡುತ್ತಾರೆ ಎಂದುಕೊಂಡಳು ವಾರಿಜಾ. ಆದರೆ ಅವರು ಬಲಗೈಯನ್ನು ಹೊರಗೆ ತೆಗೆದು ಮಗಳ ಎದುರಿಗೆ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. ನಡುಗುತ್ತಿತ್ತು. ನಡುಗಲು ಬಿಟ್ಟರು.

"ಡ್ರೈನೇ ಹಾಕು," ಅಂದರು, ನೇರ ಮಗಳಿಗೆ. "ಇಂಜಿನ್ ಹೋದ್ರೆ ಹೋಗ್ಲಿ. ಇನ್ನೊಂದನ್ನ ನೀನು ಕಟ್ಟು. ನಾನು ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿರ್ತೀನಿ."

ತನ್ಮಯಿಯ ಕಣ್ಣು ತುಂಬಿ ಬಂದಿತ್ತು. "ಸುಮ್ನೆ ಕೂತಿರ್ತೀಯಾ?" ಅಂತ ಕೇಳಿದಳು.

"ಇಲ್ಲ. ತಪ್ಪು ಮಾಡಿದ್ರೆ ಬೈತೀನಿ."

ಅವಳು ಆ ನಡುಗುವ ಕೈಯ ಮೇಲೆ ತನ್ನ ಕೈ ಇಟ್ಟಳು. "ಬೈಯಿ ಅಪ್ಪ," ಅಂದಳು.